ಒಂದು ಅಡಿ ಮಣ್ಣಿನ ಕೆಳಗೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ಬ್ರಹ್ಮಗಿರಿಯ ಹೆಸರು ಶಾಲೆಯ ಇತಿಹಾಸ ಪಾಠ ಓದಿದ ಎಲ್ಲರಿಗೂ ಪರಿಚಿತ. ಅಲ್ಲಿ ಅಶೋಕನ ಶಾಸನವಿದೆ ಎಂಬಲ್ಲಿಗೆ ಆ ಪರಿಚಯ ಮುಗಿಯುತ್ತದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟ, ಹೀಗೆ ಪರಸ್ಪರ ಹತ್ತಿರದಲ್ಲಿರುವ ಮೂರು ತಾಣಗಳಲ್ಲಿ ಮೌರ್ಯ ಚಕ್ರವರ್ತಿಯ ಕಿರು ಶಿಲಾಶಾಸನಗಳನ್ನು ಗುರುತಿಸಿದರು. ಸುತ್ತಲಿನ ಜನರ ಬಾಯಲ್ಲಿ ಬ್ರಹ್ಮಗಿರಿಯ ಬಂಡೆ ‘ಅಕ್ಷರಗುಂಡು’. ಓದಲು ಬಾರದಿದ್ದರೂ ಅದು ಬರಹವೆಂಬುದು ಅವರಿಗೆ ತಿಳಿದಿತ್ತು.

ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಆ ಶಾಸನದ ಒಕ್ಕಣೆ ಓದಿದಾಗಲೆಲ್ಲ ಮುಗುಳುನಗೆ ಬರುತ್ತದೆ. ಅದು ಧರ್ಮೋಪದೇಶವೂ ಹೌದು, ಸರ್ಕಾರಿ ಸುತ್ತೋಲೆಯೂ ಹೌದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಬಳಿಕ ಮೇಲಿನಿಂದ ಬಂದ ಆದೇಶವನ್ನು ಅವರಿಗೆ ರವಾನಿಸುತ್ತಾರೆ. ಆದೇಶದ ಜೊತೆಗೆ ಅದರ ಮುಖಪತ್ರವೂ ಬಂಡೆಯ ಮೇಲೆ ಉಳಿದುಬಿಟ್ಟಿದೆ. ಶಾಸನ ಬರೆದ ಚಪಡ ಎಂಬಾತ ಕೊನೆಯಲ್ಲಿ ತನ್ನ ಹೆಸರು ಬರೆದು, ‘ಲಿಪಿಕಾರ’ ಎಂಬ ತನ್ನ ಹುದ್ದೆಯನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ನಮೂದಿಸಿದ್ದಾನೆ. ದೂರದ ಪ್ರಾಂತ್ಯದಿಂದ ವರ್ಗವಾಗಿ ಬಂದ ನೌಕರನಿದ್ದಿರಬೇಕು. ಆ ಲಿಪಿ ಇಲ್ಲಿ ಯಾರಿಗೂ ಬಾರದೆಂಬುದು ಅವನಿಗೆ ಗೊತ್ತಿದ್ದೇ ಇತ್ತು. ಆದರೂ ಬರೆದ.

ಈ ಬಂಡೆಯನ್ನು ರಾಷ್ಟ್ರ ಸಂರಕ್ಷಿಸಿದೆ. ಅದು ಸರಿಯೇ. ಆದರೆ ಬ್ರಹ್ಮಗಿರಿಯ ನಿಜವಾದ ಮಹತ್ವ ಬಂಡೆಯ ಮೇಲಿನ ಹದಿಮೂರು-ಹದಿನಾಲ್ಕು ಸಾಲುಗಳಿಗೆ ಸೀಮಿತವಲ್ಲ. ಅದರ ಬಹುಭಾಗ ಇರುವುದು ಬೆಟ್ಟದ ಇಳಿಜಾರಿನಲ್ಲಿ, ಬುಡದ ಮಣ್ಣಿನಲ್ಲಿ. ಬಂಡೆಯನ್ನು ಕಾಯುವ ಕಾನೂನು ಮಣ್ಣನ್ನು ಹೇಗೆ ಕಾಯುತ್ತದೆ, ಅಥವಾ ಏಕೆ ಕಾಯಲಾರದು ಎಂಬುದೇ ಈ ಲೇಖನದ ವಿಷಯ.

ಸಾಮ್ರಾಜ್ಯದ ಬಂಡೆ, ಊರಿನ ಮಣ್ಣು

1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಡಾ. ಎಂ.ಎಚ್. ಕೃಷ್ಣ ಅವರು ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಅವರ ನಂತರ, ಸ್ವಾತಂತ್ರ್ಯ ಬಂದ 1947ರಲ್ಲೇ, ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಅಲ್ಲಿ ಹಾಗೂ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗೆದರು. ವೀಲರ್ ಬಂದದ್ದಕ್ಕೆ ನಿಶ್ಚಿತ ಉದ್ದೇಶವಿತ್ತು. ಎರಡು ವರ್ಷ ಮೊದಲು ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅವರಿಗೆ ರೋಮನ್ ವ್ಯಾಪಾರದ ಪಾತ್ರೆಗಳು ದೊರೆತಿದ್ದವು. ಅವುಗಳ ಕಾಲ ಯುರೋಪಿನ ಆಧಾರದಿಂದ ಗೊತ್ತಿತ್ತು. ಅಲ್ಲಿ ಅವುಗಳ ಜೊತೆಗೆ ಸಿಕ್ಕ ದೇಶೀಯ ಮಡಕೆಗಳ ಬಗೆಯೇ ಒಳನಾಡಿನಲ್ಲೂ ಸಿಕ್ಕರೆ, ಅದರ ಕೆಳಗಿನ ಪದರಗಳೆಲ್ಲ ಅದಕ್ಕಿಂತ ಹಳೆಯವೆಂದು ನಿಶ್ಚಯಿಸಬಹುದಾಗಿತ್ತು. ಬ್ರಹ್ಮಗಿರಿ ಆ ನಿರೀಕ್ಷೆಯನ್ನು ಹುಸಿಗೊಳಿಸಲಿಲ್ಲ.

ಅಲ್ಲಿ ಒಂದರ ಮೇಲೊಂದು ಮೂರು ಸಂಸ್ಕೃತಿಗಳ ಪದರಗಳಿದ್ದವು. ಎಲ್ಲಕ್ಕಿಂತ ಕೆಳಗೆ, ನಯಗೊಳಿಸಿದ ಕಲ್ಲಿನ ಕೊಡಲಿ ಹಾಗೂ ಕೈಯಿಂದ ತಟ್ಟಿ ಮಾಡಿದ ಒರಟು ಬೂದುಬಣ್ಣದ ಮಡಕೆಗಳ ನವಶಿಲಾಯುಗದ ಜನ. ಅದರ ಮೇಲೆ, ಕಬ್ಬಿಣ ಬಳಸಿದ, ಕಪ್ಪು-ಕೆಂಪು ಮಡಕೆ ಮಾಡಿದ, ಸತ್ತವರಿಗೆ ಚಪ್ಪಡಿಗಳ ಕೋಣೆಯನ್ನೂ ಸುತ್ತ ಕಲ್ಲಿನ ವೃತ್ತವನ್ನೂ ಕಟ್ಟಿದ ಬೃಹತ್‌ಶಿಲಾ ಸಂಸ್ಕೃತಿಯವರು. ಎಲ್ಲಕ್ಕೂ ಮೇಲೆ, ವೀಲರ್ ‘ಆಂಧ್ರ ಸಂಸ್ಕೃತಿ’ ಎಂದು ಕರೆದ ಶಾತವಾಹನರ ಕಾಲದ ವಸತಿ. ಈ ಹಂತಗಳು ಚಾಕುವಿನಿಂದ ಕತ್ತರಿಸಿದಂತೆ ಬೇರೆಬೇರೆಯಾಗಿರಲಿಲ್ಲ. ಹೊಸದು ಬಂದ ಮೇಲೂ ಹಳೆಯದು ಕೆಲಕಾಲ ಜೊತೆಯಲ್ಲೇ ನಡೆದಿತ್ತು.

ವೀಲರ್ ನೀಡಿದ ಕಾಲಗಣನೆ ಈಗ ಉಳಿದಿಲ್ಲ. ಕಲ್ಲಿನ ಕೊಡಲಿಯ ಜನರನ್ನು ಅವರು ಕ್ರಿ.ಪೂ. ಒಂದನೆಯ ಸಹಸ್ರಮಾನದ ಆರಂಭಕ್ಕೂ, ಬೃಹತ್‌ಶಿಲಾ ಸಮಾಧಿಗಳನ್ನು ಕ್ರಿ.ಪೂ. 200ರ ಸುಮಾರಿಗೂ ಇರಿಸಿದ್ದರು. ಇಂಗಾಲದ ಪರಮಾಣುಗಳಿಂದ ಕಾಲ ಅಳೆಯುವ ವಿಧಾನ ಅವರ ಕೈಗೆ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ದಖನ್ನಿನ ನವಶಿಲಾಯುಗದ ಆರಂಭ ಕ್ರಿ.ಪೂ. 3000ದ ಸುಮಾರಿಗೂ, ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಆಸುಪಾಸಿಗೂ ಹಿಂದೆ ಸರಿದವು. ಕಾಲ ಬದಲಾದರೂ ವೀಲರ್ ತೋರಿಸಿದ ಪದರಗಳ ಕ್ರಮ ಬದಲಾಗಲಿಲ್ಲ. ಶಾತವಾಹನರ ನಂತರ ಆ ಇಳಿಜಾರಿನ ವಸತಿ ಕ್ಷೀಣಿಸುವ ಹೊತ್ತಿಗೆ, ಅಲ್ಲಿ ಒಲೆ ಉರಿಯಲು ತೊಡಗಿ ಸಾವಿರಾರು ವರ್ಷಗಳು ಸಂದಿದ್ದವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವೀಲರ್ ಗುರುತಿಸಿದ ಮೂರು ಪದರಗಳಲ್ಲಿ ಮೌರ್ಯರದೆಂಬ ಪ್ರತ್ಯೇಕ ಪದರವಿಲ್ಲ. ಭಾರತದ ಬಹುಭಾಗವನ್ನು ಆಳಿದ ಸಾಮ್ರಾಜ್ಯ ಬ್ರಹ್ಮಗಿರಿಯಲ್ಲಿ ಒಂದು ಬರಹ ಬಿಟ್ಟುಹೋಯಿತು. ಆ ಸಾಮ್ರಾಜ್ಯದ ಹೆಸರೇ ಕೇಳದಿದ್ದ ಒಕ್ಕಲಿಗರು, ದನಗಾಹಿಗಳು, ಕುಂಬಾರರು, ಕಮ್ಮಾರರು ತಾವು ನಿಂತ ನೆಲವನ್ನೇ ದಾಖಲೆಯಾಗಿ ಬಿಟ್ಟರು. ಮೊದಲನೆಯದನ್ನು ನಾವು ಇತಿಹಾಸ ಎನ್ನುತ್ತೇವೆ. ಎರಡನೆಯದನ್ನು ಹೊಲ ಎನ್ನುತ್ತೇವೆ.

ಬರದ ಸೀಮೆಯ ಅರ್ಥಶಾಸ್ತ್ರ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಏಳುವ ಪ್ರಶ್ನೆ ಸರಳವಾದದ್ದು. ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ‘ಬರಪೀಡಿತ’ ಎಂಬ ವಿಶೇಷಣವಿಲ್ಲದೆ ಇವುಗಳ ಹೆಸರು ಸರ್ಕಾರಿ ಕಾಗದಗಳಲ್ಲಿ ಬರುವುದೇ ಅಪರೂಪ. ಹಾಗಿರುವಾಗ ಈ ಜನ ಇಷ್ಟು ದೀರ್ಘಕಾಲ ಇಲ್ಲಿ ಬದುಕಿದ್ದು ಹೇಗೆ?

ಉತ್ತರದ ಒಂದು ಭಾಗ ಪಕ್ಕದ ಬಳ್ಳಾರಿ ಜಿಲ್ಲೆಯಿಂದ ಬಂದಿದೆ. ಸಂಗನಕಲ್ಲು, ತೆಕ್ಕಲಕೋಟೆ ಮುಂತಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಅವರ ಸಹೋದ್ಯೋಗಿಗಳ ಈ ಕೆಲಸದಿಂದ ತಿಳಿದುಬಂದಂತೆ ಆ ಕಾಲದ ಮುಖ್ಯ ಬೆಳೆಗಳು ಕೊರಲೆ, ನವಣೆಯ ಜಾತಿಯ ಒಂದು ಕಿರುಧಾನ್ಯ, ಹುರುಳಿ ಮತ್ತು ಹೆಸರು. ಇವು ಹೊರಗಿನಿಂದ ಬಂದ ಬೆಳೆಗಳಲ್ಲ. ದಕ್ಷಿಣ ಭಾರತದ ಕಾಡುಹುಲ್ಲು, ಕಾಡುಬಳ್ಳಿಗಳಿಂದ ಇಲ್ಲಿನ ರೈತರೇ ಒಗ್ಗಿಸಿಕೊಂಡವು. ನಮ್ಮ ಊಟದ ಆಧಾರವೆಂದು ನಾವು ತಿಳಿದಿರುವ ಜೋಳ, ರಾಗಿ ಆಫ್ರಿಕಾ ಮೂಲದವು, ಆಮೇಲೆ ಬಂದವು. ಇಂದು ಆ ಸೀಮೆಯ ಪ್ರಧಾನ ಬೆಳೆಯಾಗಿರುವ ಶೇಂಗಾ ದಕ್ಷಿಣ ಅಮೆರಿಕದ್ದು. ಸಹಸ್ರಮಾನಗಳ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆ ಬಂದ ಅತಿಥಿ.

ಉತ್ತರದ ಇನ್ನೊಂದು ಭಾಗ ದನಕರುಗಳದು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳನ್ನು ಜನ ರಾಕ್ಷಸರ ಚಿತೆಯ ಬೂದಿಯೆಂದು ಭಾವಿಸಿದ್ದರು. ಅವು ದನದ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂಬುದನ್ನು ರೇಮಂಡ್ ಆಲ್ಚಿನ್ ಉಟ್ನೂರಿನ ಉತ್ಖನನದ ಆಧಾರದಿಂದ 1963ರ ತಮ್ಮ ಗ್ರಂಥದಲ್ಲಿ ದೃಢಪಡಿಸಿದರು.

ಮಳೆ ಬಂದರೆ ಕಾಳು, ಬಾರದಿದ್ದರೆ ಹಾಲು. ಒಂದು ಧಾನ್ಯ ಕೈಕೊಟ್ಟರೆ ಇನ್ನೊಂದು ದ್ವಿದಳ. ನಷ್ಟದ ಅಪಾಯವನ್ನು ಹಲವು ಕಡೆ ಹಂಚುವುದೆಂದು ನಾವು ಪಠ್ಯದಲ್ಲಿ ಓದಿದ್ದನ್ನು ಅವರು ಬದುಕಿ ತೋರಿಸಿದ್ದರು. ಈ ವಿವರ ಯಾವ ತಾಮ್ರಪಟದಲ್ಲೂ ಇಲ್ಲ, ಯಾವ ರಾಜನ ಪ್ರಶಸ್ತಿಯಲ್ಲೂ ಇಲ್ಲ. ಸುಟ್ಟ ಹುರುಳಿಕಾಳಿನಲ್ಲಿ, ಒಡೆದ ಮಡಕೆಯ ಅಂಚಿನಲ್ಲಿ, ಎಲುಬಿನ ಚೂರಿನಲ್ಲಿ ಮಾತ್ರ ಇದೆ. ಆ ಕಾಳು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದೇ ಅದರ ಅರ್ಥ. ಪದರ ಕಲಕಿದರೆ ಕಾಳು ಉಳಿಯಬಹುದು, ಅರ್ಥ ಉಳಿಯದು.

ಕಾನೂನಿನ ಒಂದು ವಾಕ್ಯ

ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ವ ನಿವೇಶನಗಳು ಮತ್ತು ಅವಶೇಷಗಳ ಕಾಯ್ದೆ ಬಂದದ್ದು 1958ರಲ್ಲಿ. 2010ರ ತಿದ್ದುಪಡಿಯಿಂದ ಸಂರಕ್ಷಿತ ಪ್ರದೇಶದ ಎಲ್ಲೆಯ ಸುತ್ತ 100 ಮೀಟರ್ ನಿಷೇಧಿತ ವಲಯವಾಯಿತು, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯವಾಯಿತು. ಮನೆ ಕಟ್ಟುವವರಿಗೆಲ್ಲ ಈ ಅಂಕಿಗಳು ಗೊತ್ತು. ಆದರೆ ಅದೇ ಕಾಯ್ದೆಯ 19ನೆಯ ಸೆಕ್ಷನ್ನಿನಲ್ಲಿ ಹೆಚ್ಚು ಜನ ಗಮನಿಸದ ಒಂದು ಉಪವಾಕ್ಯವಿದೆ. ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಕಟ್ಟಡ ಕಟ್ಟುವುದು, ಗಣಿ, ಕ್ವಾರಿ, ಅಗೆತ, ಸ್ಫೋಟ ಇವೆಲ್ಲವನ್ನೂ ನಿಷೇಧಿಸಿ, ವ್ಯವಸಾಯಕ್ಕೆ ಮಾತ್ರ ಅದು ವಿನಾಯಿತಿ ಕೊಡುತ್ತದೆ. ಮೇಲ್ಮೈಯಿಂದ ಒಂದು ಅಡಿಗಿಂತ ಹೆಚ್ಚು ಮಣ್ಣು ಅಗೆಯಬಾರದು ಎಂಬುದು ಆ ವಿನಾಯಿತಿಯ ಷರತ್ತು. ಕರಡು ಬರೆದವರ ಕೈಯಲ್ಲಿ ಎರಡು ‘ಅಲ್ಲ’ಗಳು ಒಟ್ಟಿಗೆ ಸೇರಿಹೋಗಿ, ಇಂಗ್ಲಿಷ್ ಪಾಠವನ್ನು ಅಕ್ಷರಶಃ ಓದಿದರೆ ತಿರುಗುಮುರುಗಾದ ಅರ್ಥ ಬರುತ್ತದೆ ಎಂಬುದು ಬೇರೆ ಮಾತು. ಉದ್ದೇಶವಂತೂ ಸ್ಪಷ್ಟ.

ಈ ಒಂದು ಅಡಿಯ ಹಿಂದೆ ವಿವೇಕವಿತ್ತು ಎಂದೇ ನನ್ನ ಭಾವನೆ. 1958ರಲ್ಲಿ ಉಳುಮೆ ಎಂದರೆ ಎತ್ತು ಮತ್ತು ಮರದ ನೇಗಿಲು. ಅದು ನಾಲ್ಕಾರು ಅಂಗುಲ ಮಣ್ಣು ಎಬ್ಬಿಸಿ ಮುಂದೆ ಸಾಗುತ್ತಿತ್ತು. ಕಾನೂನು ಕೊಟ್ಟದ್ದು ಹನ್ನೆರಡು ಅಂಗುಲ. ರೈತನಿಗೆ ಬೇಕಾದದ್ದಕ್ಕಿಂತ ಹೆಚ್ಚು ಸಿಕ್ಕಿತು, ಇತಿಹಾಸಕ್ಕೆ ಅದರ ಕೆಳಗಿನದೆಲ್ಲ ಉಳಿಯಿತು. ಯಾರನ್ನೂ ಒಕ್ಕಲೆಬ್ಬಿಸದೆ, ಖಜಾನೆಯಿಂದ ಕಾಸು ಖರ್ಚಾಗದೆ, ಸತ್ತವರ ಊರು ಮತ್ತು ಬದುಕಿರುವವರ ಹೊಲ ಒಂದೇ ಜಾಗದಲ್ಲಿ ಇರಬಹುದಾದ ಒಪ್ಪಂದ ಅದಾಗಿತ್ತು.

ಇಂದು ಆ ಒಪ್ಪಂದದ ಆಧಾರವೇ ಕುಸಿದಿದೆ. ಟ್ರ್ಯಾಕ್ಟರಿನ ರೆಕ್ಕೆನೇಗಿಲು ಒಂದು ಅಡಿಯ ಸಮೀಪಕ್ಕೆ ಇಳಿಯುತ್ತದೆ. ಗಟ್ಟಿ ಪದರ ಒಡೆಯುವ ಆಳದ ನೇಗಿಲು ಅದನ್ನು ದಾಟುತ್ತದೆ. ಇಳಿಜಾರಿನ ಜಮೀನನ್ನು ಸಮತಟ್ಟು ಮಾಡಲು ಜೆಸಿಬಿ ಒಂದು ದಿನದಲ್ಲಿ ತೆಗೆಯುವ ಮಣ್ಣನ್ನು ಎತ್ತಿನ ನೇಗಿಲು ಒಂದು ಶತಮಾನದಲ್ಲೂ ಅಲುಗಿಸಲಾರದು. 2014-15ರಲ್ಲಿ ರಾಜ್ಯ ಸರ್ಕಾರ ಕೃಷಿಭಾಗ್ಯ ಯೋಜನೆಯಡಿ ಕೃಷಿ ಹೊಂಡಗಳಿಗೆ ಸಹಾಯಧನ ನೀಡಲಾರಂಭಿಸಿತು. ಮಳೆಯಾಶ್ರಿತ ರೈತನಿಗೆ ಅದು ಉಪಕಾರಿಯೇ. ಆದರೆ ಹೊಂಡ ತೋಡುವ ಜಾಗದ ಕೆಳಗೆ ಏನಿದೆ ಎಂದು ಕೇಳುವ ಕಲಮು ಯಾವ ಅರ್ಜಿಯಲ್ಲೂ ನನಗೆ ಕಾಣಸಿಕ್ಕಿಲ್ಲ. ಸರ್ಕಾರದ ಒಂದು ಕೈ ಒಂದು ಅಡಿಯ ಮಿತಿ ಹೇಳಿದರೆ ಇನ್ನೊಂದು ಕೈ ಹತ್ತು ಅಡಿ ತೋಡಲು ಹಣ ಕೊಡುವ ಸಂದರ್ಭ ಹೀಗೆ ಒದಗಬಹುದು.

ಗೊತ್ತಿಲ್ಲದ ನಿರ್ಬಂಧ

ರೈತನನ್ನು ಖಳನಾಯಕನನ್ನಾಗಿ ನಿಲ್ಲಿಸುವುದು ಸುಲಭ, ಅದು ಅನ್ಯಾಯ ಕೂಡ. ಬಯಲುಸೀಮೆಯ ಇಂಥದೇ ಒಂದು ಹಳೆಯ ನೆಲೆಯ ಪಕ್ಕದಲ್ಲಿ, ಹೊಲದ ಬದುವಿನಲ್ಲಿ ಕಪ್ಪು-ಕೆಂಪು ಮಡಕೆ ಚೂರುಗಳನ್ನು ಗುಡ್ಡೆ ಹಾಕಿದ್ದ ಹಿರಿಯ ರೈತರೊಬ್ಬರು ನನಗೆ ಹೇಳಿದ ಮಾತು ನೆನಪಿದೆ: ‘ಸ್ವಾಮಿ, ಆ ಬಂಡೆ ಸರ್ಕಾರದ್ದು ಅಂತ ಬೋರ್ಡ್ ಐತೆ. ನನ್ನ ಹೊಲದಾಗೆ ಎಷ್ಟು ಆಳ ಉಳಬೇಕು ಅಂತ ಯಾರೂ ಬಂದು ಹೇಳಿಲ್ಲ. ಹೇಳಿದ್ರೆ ಕೇಳದೇ ಇರ್ತಿದ್ನಾ?’

ಅವರ ಮಾತಿನಲ್ಲಿ ಆಡಳಿತದ ಒಂದು ದೊಡ್ಡ ಲೋಪ ಅಡಗಿದೆ. ನಮ್ಮ ರಾಜ್ಯದಲ್ಲಿ ಜಮೀನಿನ ಮೇಲಿನ ಹಕ್ಕು, ಸಾಲ, ಭಾರ ಎಲ್ಲವೂ ಪಹಣಿಯಲ್ಲಿರುತ್ತವೆ. ಬ್ಯಾಂಕಿನಿಂದ ಪಡೆದ ಬೆಳೆ ಸಾಲವೂ 11ನೆಯ ಕಾಲಂನಲ್ಲಿ ದಾಖಲಾಗುತ್ತದೆ. ಆದರೆ ರಾಷ್ಟ್ರದ ಕಾನೂನೊಂದು ಆ ಜಮೀನಿನ ಮೇಲೆ ಹೇರಿರುವ ಒಂದು ಅಡಿಯ ಮಿತಿ ಅಲ್ಲಿ ಕಾಣುವುದು ಅಪರೂಪ. ಅಧಿಸೂಚನೆ ರಾಜಪತ್ರದಲ್ಲಿರುತ್ತದೆ, ನಕ್ಷೆ ಪುರಾತತ್ವ ಕಚೇರಿಯಲ್ಲಿರುತ್ತದೆ, ಜಮೀನಿನ ಕಾಗದ ತಾಲ್ಲೂಕು ಕಚೇರಿಯಲ್ಲಿರುತ್ತದೆ. ಈ ಮೂರೂ ಒಂದೇ ಮೇಜಿನ ಮೇಲೆ ಸೇರುವುದಿಲ್ಲ.

ನಾನು ಸೇವೆಯಲ್ಲಿದ್ದಾಗ ಒಂದು ತಾಲ್ಲೂಕಿನಲ್ಲಿ ಬಡಾವಣೆಗಾಗಿ ಭೂಪರಿವರ್ತನೆ ಕೋರಿದ ಕಡತ ಬಂದಿತ್ತು. ಎಲ್ಲ ವರದಿಗಳೂ ಅನುಕೂಲಕರವಾಗಿದ್ದವು, ಪಹಣಿ ಸ್ವಚ್ಛವಾಗಿತ್ತು. ಸ್ಥಳ ತನಿಖೆಯ ದಿನ ಹಳೆಯ ಗ್ರಾಮ ಲೆಕ್ಕಿಗರೊಬ್ಬರು ಜಾಲಿ ಪೊದೆಯೊಳಗೆ ಬಿದ್ದಿದ್ದ ತುಕ್ಕು ಹಿಡಿದ ನೀಲಿ ಫಲಕ ತೋರಿಸಿದ ಮೇಲೆಯೇ, ಆ ಸರ್ವೆ ನಂಬರಿನ ಒಂದು ಭಾಗ ಸಂರಕ್ಷಿತವೆಂಬುದು ತಿಳಿದದ್ದು. ಆ ನೆಲೆ ಉಳಿಯಿತು. ಉಳಿಸಿದ್ದು ಕಾನೂನಲ್ಲ, ಒಬ್ಬ ಮನುಷ್ಯನ ನೆನಪು. ಅಂಥ ನೆನಪುಗಳು ನಿವೃತ್ತರಾಗುತ್ತವೆ.

ಇದು ಕಲ್ಪಿತ ಭಯವಲ್ಲ. 2022ರ ಕೊನೆಯಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ ಸಂಸದೀಯ ಸಮಿತಿಗೆ ನೀಡಿದ ಮಾಹಿತಿಯಂತೆ, ರಾಷ್ಟ್ರೀಯ ಮಹತ್ವದ 3,693 ಸ್ಮಾರಕಗಳಲ್ಲಿ 50 ಕಾಣೆಯಾಗಿದ್ದವು. ಅವುಗಳಲ್ಲಿ 14 ನಗರೀಕರಣಕ್ಕೆ, 12 ಜಲಾಶಯಗಳಿಗೆ ಆಹುತಿಯಾಗಿದ್ದವು. ಉಳಿದ 24 ಎಲ್ಲಿವೆ ಎಂದೇ ಪತ್ತೆಯಿರಲಿಲ್ಲ. ಕಣ್ಣಿಗೆ ಕಾಣುವ ಸ್ಮಾರಕಗಳ ಗತಿಯೇ ಹೀಗಾದರೆ, ಕಣ್ಣಿಗೆ ಕಾಣದ ಮಣ್ಣಿನ ಪದರಗಳ ಲೆಕ್ಕ ಇಡುವವರು ಯಾರು? ಸಂಗನಕಲ್ಲು-ಕಪ್ಪಗಲ್ಲು ಬೆಟ್ಟಗಳಲ್ಲಿ ಕಲ್ಲು ಗಣಿಗಾರಿಕೆಯಿಂದ ನವಶಿಲಾಯುಗದ ಕುರುಹುಗಳಿಗೆ ಆದ ಹಾನಿಯನ್ನು ಸಂಶೋಧಕರು ದಾಖಲಿಸಿದ್ದಾರೆ. ನಿಧಿಯಾಸೆಗೆ ಹಳೆಯ ಸಮಾಧಿಗಳನ್ನು ರಾತ್ರೋರಾತ್ರಿ ಬಗೆಯುವವರದು ಇನ್ನೊಂದು ಕಾಟ. ಬೃಹತ್‌ಶಿಲಾ ಸಮಾಧಿಗಳಲ್ಲಿ ಸಾಮಾನ್ಯವಾಗಿ ಇರುವುದು ಮಡಕೆ, ಮೂಳೆ, ಕಬ್ಬಿಣದ ಆಯುಧ, ಕೆಲವು ಮಣಿಗಳು. ನಿಧಿಗಳ್ಳನಿಗೆ ಅವು ನಿರಾಶೆ, ಇತಿಹಾಸಕ್ಕೆ ಅವೇ ನಿಧಿ.

ಹೊಸ ಒಪ್ಪಂದದ ಅಗತ್ಯ

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಯೋಜನೆಗಳ ಅಗತ್ಯವಿಲ್ಲ. ಮೂರು ಸಣ್ಣ ಕ್ರಮಗಳು ಸಾಕು.

ಮೊದಲನೆಯದು, ಸಂರಕ್ಷಿತ ನೆಲೆಗಳ ಎಲ್ಲೆಯೊಳಗೆ ಬರುವ ಪ್ರತಿಯೊಂದು ಸರ್ವೆ ನಂಬರಿನ ಪಹಣಿಯಲ್ಲಿ ಆ ಸಂಗತಿಯನ್ನೂ ಒಂದು ಅಡಿಯ ಮಿತಿಯನ್ನೂ ಕನ್ನಡದಲ್ಲಿ ನಮೂದಿಸಬೇಕು. ಭೂದಾಖಲೆಗಳು ಎರಡು ದಶಕದ ಹಿಂದೆಯೇ ‘ಭೂಮಿ’ ತಂತ್ರಾಂಶದಲ್ಲಿ ಗಣಕೀಕೃತವಾಗಿರುವ ನಮ್ಮ ರಾಜ್ಯಕ್ಕೆ ಇದು ಕಷ್ಟದ ಕೆಲಸವಲ್ಲ. ನಮೂದಾದರೆ ಸಾಲ ಕೊಡುವ ಬ್ಯಾಂಕು, ಹೊಂಡಕ್ಕೆ ಸಹಾಯಧನ ಕೊಡುವ ಇಲಾಖೆ, ಭೂಪರಿವರ್ತನೆ ಮಾಡುವ ಅಧಿಕಾರಿ, ಜಮೀನು ಕೊಳ್ಳುವವನು ಎಲ್ಲರಿಗೂ ಅದು ತಾನಾಗಿ ಕಾಣುತ್ತದೆ. ಇದರಿಂದ ಜಮೀನಿನ ಬೆಲೆ ಇಳಿಯುತ್ತದೆಂಬ ಆಕ್ಷೇಪ ಬರುವುದು ಸಹಜ. ಆದರೆ ನಿರ್ಬಂಧ ಈಗಾಗಲೇ ಇದೆ. ಅದನ್ನು ಮುಚ್ಚಿಟ್ಟರೆ ಕೊಂಡವನು ಮೋಸಹೋಗುತ್ತಾನೆ, ಅಷ್ಟೇ.

ಎರಡನೆಯದು, ಆ ನಷ್ಟವನ್ನು ತುಂಬಿಕೊಡಬೇಕು. ಕಾಯ್ದೆಯ 27ನೆಯ ಸೆಕ್ಷನ್ ಉತ್ಖನನ ಮುಂತಾದ ಅಧಿಕಾರ ಚಲಾವಣೆಯಿಂದ ಭೂಮಾಲೀಕನಿಗಾಗುವ ನಷ್ಟಕ್ಕೆ ಪರಿಹಾರ ಹೇಳುತ್ತದೆ. ಆದರೆ ವರ್ಷವರ್ಷವೂ ನೇಗಿಲನ್ನು ಮೇಲೆ ಹಿಡಿದು ಪದರಗಳನ್ನು ಕಾಯುವ ರೈತನಿಗೆ ಗೌರವಧನ ಕೊಡುವ ಏರ್ಪಾಡು ಅದರಲ್ಲಿಲ್ಲ. ಇತಿಹಾಸದ ಅರಿವು ಸಾರ್ವಜನಿಕ ಸರಕು. ಅದರ ಲಾಭ ಎಲ್ಲರದು, ಅದರ ವೆಚ್ಚ ಮಾತ್ರ ನಾಲ್ಕಾರು ಎಕರೆಯ ಒಡೆಯನೊಬ್ಬನದು ಎಂದರೆ ಅರ್ಥಶಾಸ್ತ್ರವೂ ಒಪ್ಪದು, ನ್ಯಾಯವೂ ಒಪ್ಪದು. ಇಂಗ್ಲೆಂಡಿನ ಕೃಷಿ-ಪರಿಸರ ಯೋಜನೆಗಳಲ್ಲಿ ಪುರಾತತ್ವ ನೆಲೆಗಳ ಮೇಲೆ ಉಳುಮೆ ನಿಲ್ಲಿಸುವ ಅಥವಾ ಆಳ ಕಡಿಮೆ ಮಾಡುವ ರೈತರಿಗೆ ಹಣ ಪಾವತಿಸಲಾಗುತ್ತದೆ. ಸಂರಕ್ಷಿತ ನೆಲೆಗಳೊಳಗಿನ ಸಾಗುವಳಿ ಜಮೀನಿಗಷ್ಟೇ ಇಂಥ ಪಾವತಿಯನ್ನು ಸೀಮಿತಗೊಳಿಸಿದರೆ ಖಜಾನೆಗೆ ಅದು ದೊಡ್ಡ ಹೊರೆಯಾಗಲಾರದು.

ಮೂರನೆಯದು, ಆ ಪಾವತಿಯನ್ನು ಬೆಳೆಗೆ ಜೋಡಿಸಬಹುದು. ಕೊರಲೆ, ಹುರುಳಿ ಆಳದ ಉಳುಮೆ ಬೇಡುವ ಬೆಳೆಗಳಲ್ಲ. ಕಡಿಮೆ ಮಳೆಗೆ ಬರುತ್ತವೆ. ಸಿರಿಧಾನ್ಯಗಳಿಗೆ ನಗರಗಳಲ್ಲಿ ಈಗ ಬೇಡಿಕೆಯೂ ಇದೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಜನರನ್ನು ಉಳಿಸಿದ ಕಾಳುಗಳೇ ಇಂದು ಅವರ ಊರಿನ ಅವಶೇಷಗಳನ್ನೂ ಉಳಿಸಬಲ್ಲವು. ಇದಕ್ಕಿಂತ ಅಗ್ಗದ, ಇದಕ್ಕಿಂತ ಯೋಗ್ಯವಾದ ಬೇಲಿ ನನಗೆ ತೋಚದು.

ಬ್ರಹ್ಮಗಿರಿಯ ಬಂಡೆಗೆ ಒಬ್ಬ ಕಾವಲುಗಾರ ಸಾಕು. ಮಣ್ಣಿಗೆ ಹಾಗಲ್ಲ. ಅದರ ಕಾವಲು ಇರುವುದು ಅದನ್ನು ಉಳುವವರ ಕೈಯಲ್ಲಿ, ಪ್ರತಿ ಮುಂಗಾರಿನಲ್ಲಿ, ಪ್ರತಿ ಸಾಲಿನಲ್ಲಿ. ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಸುತ್ತೋಲೆ ಇಪ್ಪತ್ತಮೂರು ಶತಮಾನ ಬಾಳಿತು, ಏಕೆಂದರೆ ಅದನ್ನು ಎಲ್ಲರಿಗೂ ಕಾಣುವಂತೆ ಬರೆಯಲಾಗಿತ್ತು. ನಮ್ಮ 1958ರ ಕಾಯ್ದೆಯ ಒಂದು ಅಡಿಯ ವಾಕ್ಯವೂ ರೈತನ ಕಣ್ಣಿಗೆ ಬೀಳುವಲ್ಲಿ, ಅವನ ಪಹಣಿಯಲ್ಲೇ, ಬರಲಿ. ಬರೆದ ಮೇಲೆ ಅದರ ಬೆಲೆಯನ್ನೂ ಅವನಿಗೆ ಸಲ್ಲಿಸೋಣ.